ರೇಷ್ಮಾಳ ಫಿಚ್ಯೂ

ತಪ್ಪು ಪರಮೇಶನದೇ. ಜಮಖಂಡಿ ಸಂತೆಗೆ ಬದನೆಕಾಯಿ ತರಲು ಹೋದವನು ತುಪ್ಪಳದ ಕೊರಳಪಟ್ಟಿ ತಂದ. ನಾಯಿಗಳೂ ನೆರಳು ಬಿಡದ ಈ ಬಿಸಿಲಿನಲ್ಲಿ ಅದನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಕೇಳಬೇಡಿ. ಹೆಂಡತಿ ರೇಷ್ಮಾ ಆಗಲೇ ಅದನ್ನು ಸುತ್ತಿಕೊಂಡು ಓಣಿಯಲ್ಲಿ ಎರಡು ಸಲ ತಿರುಗಿ ಬಂದಿದ್ದಳು.

ಪಟ್ಟಿಗೆ ಅಂಟಿಸಿದ್ದ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಫಿಚ್ಯೂ’ ಎಂದಿತ್ತು. ಎದುರುಮನೆಯ ನಿವೃತ್ತ ಇಂಗ್ಲಿಷ್ ಮಾಸ್ತರ ಬಾಳಾಸಾಹೇಬರು ನಿಘಂಟು ಹೊತ್ತುಕೊಂಡೇ ಬಂದರು.

"ಹಳೇ ಶಬ್ದ ಐತಿ ಪರಮೇಶ. ಒಂದು ಕಾಡಪ್ರಾಣಿ. ಅದರ ತುಪ್ಪಳಕ್ಕೂ ಅದ ಹೆಸರು."

"ಛಲೋ ಆತಲ್ರಿ ಸರ."

"ಏನ ಛಲೋ? ಕಾಡಪ್ರಾಣಿ ಚರ್ಮ ಮನ್ಯಾಗ ಇಟಗೊಂಡ್ರ ಜೇಲು. ಸರಕಾರಿ ನೌಕರ ಬ್ಯಾರೆ ನೀ. ನೌಕರಿ ಹೋತಂತ ತಿಳಕೋ."

ನೀರಾವರಿ ಕಚೇರಿಯ ಗುಮಾಸ್ತ ಪರಮೇಶ ಪಟ್ಟಿಯನ್ನು ಜೋಳದ ಚೀಲದೊಳಗೆ ತುರುಕಿ ಸ್ನಾನಕ್ಕೆ ಹೋದ. ಬರುವಷ್ಟರಲ್ಲಿ ರೇಷ್ಮಾ ಚೀಲವನ್ನು ಗಿರಣಿಗೆ ಕಳಿಸಿದ್ದಳು. ಒದ್ದೆ ತಲೆಯಲ್ಲೇ ಓಡಿದ ಪರಮೇಶ, ಸರದಿಯಲ್ಲಿ ನಿಂತ ಎಂಟು ಹೆಂಗಸರ ಮುಂದೆ ಜೋಳದಿಂದ ತುಪ್ಪಳ ಎಳೆದ. ಅವನು ಮನೆ ಮುಟ್ಟುವ ಮೊದಲೇ ಪರಮೇಶನ ಚೀಲದಲ್ಲಿ ಚಿರತೆ ಸಿಕ್ಕಿತೆಂದು ಓಣಿಗೆಲ್ಲ ಗೊತ್ತಾಗಿತ್ತು.

ಪಕ್ಕದ ಮನೆಯ ಗುರುಬಸವ್ವ ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದಳು. "ಅರಣ್ಯದವರಿಗೆ ಫೋನ ಹಚ್ಚಲೇನೋ ತಮ್ಮಾ? ತಾನಾಗಿ ಒಪ್ಪಿಕೊಂಡ್ರ ಶಿಕ್ಷಾ ಕಡಿಮಿ ಆಗತೈತಂತ."

"ಯಕ್ಕಾ, ನಿನ್ನ ಕಾಲಿಗೆ ಬೀಳತೇನಿ, ತಡಿ."

"ಹಂಗಾರ ಮುದಕಪ್ಪಜ್ಜಗ ತೋರಸು. ಹುಟ್ಟಿದಾಗಿಂದ ಕುರಿ ಆಡಿನ ನಡುವ ಇದ್ದಾಂವ, ಕೂದಲಾ ಮುಟ್ಟಿದ್ರ ಯಾವ ಪ್ರಾಣಿ ಅಂತ ಹೇಳತಾನ."

ಮುದಕಪ್ಪ ಕಂಬಳಿ ಹೊದ್ದೇ ಬಂದ. ಕಣ್ಣು ಮುಚ್ಚಿ ತುಪ್ಪಳವನ್ನು ಕೂದಲಿನ ಎದುರು ದಿಕ್ಕಿಗೆ ಸವರಿದ.

"ಕಾಡಪ್ರಾಣಿ ಎಲ್ಲೀದು? ಆಡಿಂದಿದು. ಬಣ್ಣಾ ಹಚ್ಯಾರ."

ಪರಮೇಶನಿಗೆ ಅಳುವೇ ಬಂತು. ನೌಕರಿ ಉಳಿಯಿತು. "ಖರೇನ ಆಡರಿ ಅಜ್ಜಾ?"

"ಯಾರ ಮುಂದ ಬೇಕಾದರೂ ಆಣಿ ಮಾಡತೇನಿ."

ರೇಷ್ಮಾ ಎಲ್ಲರಿಗೂ ಚಹಾ ಇಟ್ಟಳು. ಮಾಸ್ತರರು ನಿಘಂಟು ಮುಚ್ಚಿದರು. ಮುದಕಪ್ಪ ಮಾತ್ರ ಸವರುತ್ತಲೇ ಇದ್ದ. ಒಂದು ಕಡೆ ಅವನ ಬೆರಳು ನಿಂತವು. ಅಲ್ಲಿ ಕೂದಲು ಎರಡು ಸುಳಿಯಾಗಿ ತಿರುಗಿತ್ತು.

"ಜೋಡಸುಳಿ," ಎಂದ. "ಇಕಿ ನಮ್ಮ ಆಡು ಚಂದ್ರಿ. ಗಲಗಲಿ ಹೊಳಿ ದಂಡ್ಯಾಗ ಯಾರೋ ಹೊಡಕೊಂಡು ಹೋದ್ರು. ಎರಡು ತಿಂಗಳಾತು ಹುಡಕಾಕ ಹತ್ತಿ." ಕೆಂಪಾದ ಕಣ್ಣು ಪರಮೇಶನ ಮೇಲೆ ನಿಂತವು. "ತಿಂದೇನಲೇ ನಮ್ಮ ಚಂದ್ರೀನ? ಗುರುಬಸವ್ವಾ, ಪೊಲೀಸರಿಗೆ ಹಚ್ಚು."

ಪರಮೇಶ ನಿಘಂಟನ್ನು ಕಸಿದುಕೊಂಡು ಮಾಸ್ತರರ ತೊಡೆಯ ಮೇಲೆ ತೆರೆದಿಟ್ಟ.

"ಸರ, ಇನ್ನೊಮ್ಮೆ ಓದಿ ಹೇಳ್ರಿ. ಅದು ಕಾಡಪ್ರಾಣೀನ ಐತಿ. ಯಕ್ಕಾ, ಅರಣ್ಯದವರಿಗೇ ಹಚ್ಚಬೇ."