ಸೂಜಿ ತೆಗೆಸಲು ಹೋದವರ ಹೆರಿಗೆ

ಹೆಬ್ಬೆರಳಿನಲ್ಲಿ ಮುರಿದ ಸೂಜಿಯನ್ನು ತೆಗೆಸಿಕೊಳ್ಳಲು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದ ಐವತ್ತೊಂದು ವರ್ಷದ ದರ್ಜಿಯೊಬ್ಬರು, ಆಸ್ಪತ್ರೆಯ ದಾಖಲೆಗಳ ಪ್ರಕಾರ, ಅದೇ ಸಂಜೆ ಸುಖವಾಗಿ ಹೆತ್ತರು.

ಸೂಜಿ ಬಂದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ವೈದ್ಯರು ಚಿಮಟದಿಂದ ಎಳೆದರು, ಹತ್ತಿ ಒತ್ತಿದರು, ಹೋದರು. ತಡವಾಗಿ ಬಂದದ್ದು ಬಿಲ್ಲು. ದರ್ಜಿಯ ಹೆಂಡತಿ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದರು. ಗಾಯವನ್ನು ನೋಡಿದ್ದಕ್ಕೆ ಶುಲ್ಕ. ನೋಡುವವರ ಪಕ್ಕದಲ್ಲಿ ನಿಂತವರಿಗೂ ಶುಲ್ಕ. ಬೆಂಚಿನ ಮೇಲೆ ಕಾದು ಕೂತದ್ದು 'ತುರ್ತು ನಿರೀಕ್ಷಣಾ ಸೇವೆ'. ಸೂಜಿಯ ಚೂರನ್ನು ಕಸದ ಬುಟ್ಟಿಗೆ ಎಸೆದದ್ದು 'ಲೋಹ ವಿಲೇವಾರಿ'. ಇಷ್ಟನ್ನೂ ಆಕೆ ಹಲ್ಲು ಕಚ್ಚಿ ಸಹಿಸಿದರು. ಕೊನೆಯ ಹಾಳೆಗೆ ಬಂದು ನಿಂತುಬಿಟ್ಟರು.

"ರೀ, ನಿಮಗೆ ಹೆರಿಗೆ ಆಗಿದೆಯಂತೆ."

"ಯಾವಾಗ?" ಎಂದರು ದರ್ಜಿ.

"ಆರೂ ಕಾಲಿಗೆ."

ದರ್ಜಿ ಕೆಳಗಿನ ಮೊತ್ತದ ಸೊನ್ನೆಗಳನ್ನು ಎರಡು ಸಲ ಎಣಿಸಿದರು. ಅಂಗಡಿ ಮಾರಿದರೂ ಅದು ತೀರುವಂತಿರಲಿಲ್ಲ.

ಬಿಲ್ಲಿಂಗ್ ಅಧಿಕಾರಿ ಸೌಮ್ಯ ಮನುಷ್ಯ. ಕುರ್ಚಿ ತೋರಿಸಿ, ನಿಯಮ ವಿವರಿಸಿದರು.

"ಆಕ್ಷೇಪಣೆಗೆ ಖಂಡಿತ ಅವಕಾಶ ಇದೆ ಸಾರ್. ಆದ್ರೆ ಬಿಲ್ ಅರ್ಥ ಆದವರು ಮಾತ್ರ ಆಕ್ಷೇಪಿಸಬಹುದು. ಅರ್ಥ ಆಗಿದೆ ಅಂತ ಇಲ್ಲಿ ಸಹಿ ಹಾಕಿ."

"ಹಾಕಿದ್ರೆ?"

"ಅರ್ಥ ಮಾಡ್ಕೊಂಡು ಒಪ್ಪಿದ್ದೀರಿ ಅಂತ ಲೆಕ್ಕ."

"ಹಾಕದಿದ್ರೆ?"

"ಅರ್ಥ ಆಗದೇನೇ ತಕರಾರು ಮಾಡ್ತಿದ್ದೀರಿ ಅಂತ."

ಹೆಂಡತಿಗೆ ತಡೆಯಲಾಗಲಿಲ್ಲ. "ಅಲ್ಲಪ್ಪಾ, ಕಣ್ಣು ಕಾಣಲ್ವಾ ನಿಮಗೆ? ಇವರು ಗಂಡಸು!"

ಅಧಿಕಾರಿ ದರ್ಜಿಯನ್ನು ಅಡಿಯಿಂದ ಮುಡಿಯವರೆಗೆ ಗೌರವದಿಂದ ನೋಡಿದರು. "ಇರಬಹುದಮ್ಮಾ. ಆದ್ರೆ ನೋಡಿ ಹೇಳೋದು ನಮ್ಮ ವಿಭಾಗದ ಕೆಲಸ ಅಲ್ಲ. ಅದಕ್ಕೆ ಹೆರಿಗೆ ಡಾಕ್ಟ್ರು ಇದ್ದಾರೆ."

ಹೆರಿಗೆ ಡಾಕ್ಟರು ತಪಾಸಣೆಯ ಶುಲ್ಕವನ್ನು ಮುಂಗಡವಾಗಿ ಪಡೆದು ದರ್ಜಿಯ ನಾಡಿ ಹಿಡಿದರು. ಅವರ ಬಳಿ ಇದ್ದ ಪ್ರಮಾಣಪತ್ರದಲ್ಲಿ ಎರಡೇ ಆಯ್ಕೆ: 'ತಾಯಿ ಕ್ಷೇಮ' ಅಥವಾ 'ತಾಯಿಯ ಸ್ಥಿತಿ ಗಂಭೀರ'.

"ಮೊದಲನೇ ಹೆರಿಗೆನಾ?" ಎಂದರು ಡಾಕ್ಟರು.

"ನಮಗೆ ಮಕ್ಕಳೇ ಇಲ್ಲ ಡಾಕ್ಟ್ರೇ," ಎಂದರು ದರ್ಜಿ. ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡರು.

"ಈಗ ಆಯ್ತಲ್ಲ, ಬಿಡಿ. ಗಂಭೀರ ಅಂತ ಬರೆದ್ರೆ ಐಸಿಯುಗೆ ಸೇರಿಸಬೇಕಾಗುತ್ತೆ. ಏನು ಬರೀಲಿ?"

"ಕ್ಷೇಮ ಅಂತಲೇ ಬರೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಿಜವಾದ ತೊಂದರೆ ಶುರುವಾದದ್ದು ಅಲ್ಲಿಂದ. ತಾಯಿ ಕ್ಷೇಮವಾಗಿದ್ದರೆ ಮಗು ಇರಲೇಬೇಕು. ಬಾಗಿಲಿನ ಕಾವಲುಗಾರ ಪ್ರಮಾಣಪತ್ರ ಓದಿ ಕೋಲು ಅಡ್ಡ ಹಿಡಿದ. "ಮಗು ಎಲ್ಲಿ?" ಗಂಡ ಹೆಂಡತಿ ಉತ್ತರ ಹುಡುಕುವಷ್ಟರಲ್ಲಿ ಧ್ವನಿವರ್ಧಕ ಮಾತಾಡಿತು:

"ಸಾರ್ವಜನಿಕರ ಗಮನಕ್ಕೆ. ನವಜಾತ ಹೆಣ್ಣು ಶಿಶುವೊಂದು ಕಾಣೆಯಾಗಿದೆ. ಶಿಶುವಿನ ತಾಯಿ ನೀಲಿ ಅಂಗಿ ಧರಿಸಿದ್ದು, ದಪ್ಪ ಮೀಸೆ ಹೊಂದಿರುತ್ತಾರೆ. ಸುಳಿವು ಸಿಕ್ಕವರು ಕೂಡಲೇ ಬಿಲ್ಲಿಂಗ್ ವಿಭಾಗವನ್ನು ಸಂಪರ್ಕಿಸತಕ್ಕದ್ದು."

ಬೆಂಚಿನ ಮೇಲಿದ್ದವರೆಲ್ಲ ದರ್ಜಿಯನ್ನು ದುರುಗುಟ್ಟಿ ನೋಡಿದರು. "ಹೆತ್ತ ಕರುಳು ಹೀಗೂ ಇರುತ್ತಾ!" ಎಂದಳು ಕಾಲು ಮುರಿದುಕೊಂಡಿದ್ದ ಒಬ್ಬಾಕೆ. ದರ್ಜಿ ಅಂಗೈಯಿಂದ ಮೀಸೆ ಮುಚ್ಚಿಕೊಂಡರು. ಪೊಲೀಸರು ಬಂದರೆ ಅವರಿಗೆ ಏನೆಂದು ಹೇಳುವುದು?

ಆಗ ಬಿಲ್ಲಿಂಗ್ ಅಧಿಕಾರಿಯೇ ಬಂದು, ಇಬ್ಬರನ್ನೂ ಕಂಬದ ಮರೆಗೆ ಕರೆದು, ತಗ್ಗಿದ ದನಿಯಲ್ಲಿ ದಾರಿ ತೋರಿಸಿದರು. ಆಸ್ಪತ್ರೆಯಲ್ಲಿ ತಾಯಿ-ಮಗು ಆನಂದ ಯೋಜನೆಯಿತ್ತು. ಹೆರಿಗೆಯನ್ನು ಒಪ್ಪಿಕೊಂಡರೆ ಬಿಲ್ಲು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. ಸೂಜಿಯನ್ನು 'ಹೆರಿಗೆಗೆ ಮುಂಚಿನ ನೋವು' ಎಂದು ಉಚಿತವಾಗಿ ಸೇರಿಸಬಹುದಿತ್ತು.

"ಹೆರಿಗೆ ತೆಗೆದುಹಾಕಿ, ಬರೀ ಸೂಜಿಗೆ ಎಷ್ಟಾಗುತ್ತೆ ಹೇಳಿ," ಎಂದರು ಹೆಂಡತಿ.

"ಬರೀ ಸೂಜಿಗೆ ಯೋಜನೆ ಇಲ್ಲಮ್ಮಾ. ಇದರ ಎರಡರಷ್ಟಾಗುತ್ತೆ."

"ಮತ್ತೆ ಮಗು?"

"ತಂದೆಗೆ ಒಪ್ಪಿಸಿದೆ ಅಂತ ಬರ್ಕೋತೀವಿ. ತಂದೆ ಸಹಿ ಬೇಕು, ಅಷ್ಟೇ."

ಹೆಂಡತಿ ಒಂದು ಗಳಿಗೆ ಗಂಡನ ಮುಖ ನೋಡಿದರು. ಆಮೇಲೆ ಪೆನ್ನು ಕಸಿದುಕೊಂಡು, ತಂದೆ ಎಂದಿದ್ದ ಕಡೆ ತಮ್ಮ ಹೆಸರು ಬರೆದು, ಕೆಳಗೆ ಗೆರೆ ಎಳೆದರು. ಕಾವಲುಗಾರ ಕೋಲು ಎತ್ತಿ, ತಂದೆಯವರಿಂದ ಭಕ್ಷೀಸು ಕೇಳಿದ.

ವಿಷಯ ಅವರಿಗಿಂತ ಮುಂಚೆ ಮನೆ ತಲುಪಿತ್ತು. ಅತ್ತೆ ನೀರಿನ ಬಕೆಟ್ಟನ್ನು ದರ್ಜಿಯ ಕೈಯಿಂದ ಕಿತ್ತುಕೊಂಡರು. "ಹಸಿ ಮೈ ಅಳಿಯಂದ್ರೇ, ಭಾರ ಎತ್ತಬೇಡಿ!" ಮನೆ ಮಾಲೀಕರು ಅಭಿನಂದಿಸಿ, ಮನೆಯಲ್ಲಿ ಜನ ಹೆಚ್ಚಾದ ಕಾರಣ ಬಾಡಿಗೆ ಏರಿಸಿದರು. ಪಕ್ಕದ ಮನೆಯಾಕೆ ಆಸ್ಪತ್ರೆ ಕೊಟ್ಟ ಜನನ ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, ಥೇಟ್ ತಾಯಿಯ ಹೋಲಿಕೆ ಎಂದರು. ಎಲ್ಲರಿಗೂ ತಿಳಿಹೇಳುತ್ತೇನೆಂದು ಹೊರಟ ದರ್ಜಿ ಮೂರು ಮನೆ ದಾಟುವಷ್ಟರಲ್ಲಿ ಸುಸ್ತಾಗಿ ಮರಳಿದರು. ಹೆತ್ತವರಿಗೆ ಸುಸ್ತು ಸಹಜವೆಂದು ಓಣಿ ಅರ್ಥಮಾಡಿಕೊಂಡಿತು.

ತಿಂಗಳು ಕಳೆದ ಮೇಲೆ, ಲಸಿಕೆಯ ಪೆಟ್ಟಿಗೆ ಹಿಡಿದ ನರ್ಸಮ್ಮ ಬಾಗಿಲಿಗೆ ಬಂದರು. ಒಳಗೆ ಹೊಲಿಯುತ್ತಿದ್ದ ದರ್ಜಿ, ಹೆಂಡತಿ ಈಗ ಬಾಯಿ ಬಿಡುತ್ತಾಳೆ, ಆಸ್ಪತ್ರೆಯ ಜನ್ಮ ಜಾಲಾಡುತ್ತಾಳೆ ಎಂದು ಯಂತ್ರ ತುಳಿಯುತ್ತಲೇ ಕಿವಿಗೊಟ್ಟರು.

"ಮಗು ಎಲ್ಲಮ್ಮಾ?"

ಹೆಂಡತಿ ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದುಕೊಂಡರು.

"ಈಗಷ್ಟೇ ಮಲಗಿದೆ," ಎಂದರು.

"ಅಯ್ಯೋ, ಎಬ್ಬಿಸಬೇಡಿ," ಎಂದು ನರ್ಸಮ್ಮ ಪಿಸುಗುಟ್ಟಿದರು. "ಹಾಕಿದೆ ಅಂತ ಬರ್ಕೊಂಡು ಹೋಗ್ತೀನಿ."

ಬರೆದುಕೊಂಡು, ಚಪ್ಪಲಿಯ ಸದ್ದಾಗದಂತೆ ಮೆಟ್ಟಿಲಿಳಿದರು. ಪಕ್ಕದ ಮನೆಯವರು ರೇಡಿಯೋ ತಗ್ಗಿಸಿದರು. ಒಳಗೆ ದರ್ಜಿ ಅದಾಗಲೇ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಿದ್ದರು.