ಅಪ್ಪನ ಟವೆಲ್ಲೂ ಹಾಲಿನ ತಳಿಯ ಹೋತವೂ

ನಮ್ಮ ಆಡು ಹೊತ್ತಿಗೆ ಅರ್ಧ ಲೋಟ ಹಾಲು ಕೊಡುತ್ತಿತ್ತು. ಮನೆಯಲ್ಲಿ ಮೂವರು. ಚಹಾದ ಬಣ್ಣವನ್ನು ನಾನು ಬೇರೆ ವರ್ಣಿಸಬೇಕಿಲ್ಲ. "ಮುಂದಿನ ಸೂಲಲ್ಲೂ ಹೀಗೇ ಆದ್ರೆ ಮಾರಿಬಿಡ್ತೀನಿ" ಎಂದು ಅಮ್ಮ ತೀರ್ಪು ಕೊಟ್ಟಾಗಿತ್ತು.

ಶಾಲೆ ಬಿಟ್ಟ ಮೇಲೆ ಆಡಿನ ಸಕಲ ಅಧಿಕಾರವೂ ನನ್ನದೇ. ಹಾಗಾಗಿ ಒಂದು ಮಹಾ ಯೋಜನೆ ಹಾಕಿದೆ: ಪಶು ಆಸ್ಪತ್ರೆಗೆ ತಂದಿದ್ದ ಹಾಲಿನ ತಳಿಯ ಹೋತದ ಜೊತೆ ನಮ್ಮ ಆಡಿನ ಸಂಬಂಧ ಬೆಳೆಸುವುದು. ಹಾಲು ಎರಡರಷ್ಟಾಗುತ್ತದೆಂದು ಅಮ್ಮನಿಗೆ ಮಾತೂ ಕೊಟ್ಟೆ. (ಇಂಥದ್ದನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಕೇಳಲಾಗದೆ ಮೂರು ದಿನ ಬಾಗಿಲ ತನಕ ಹೋಗಿ ಬಂದೆ. ನಾಲ್ಕನೆಯ ದಿನ ಚೀಟಿ ಬರೆದು ಕೊಟ್ಟೆ.)

"ಹೋತ ಶನಿವಾರದ ತನಕ ಮಾತ್ರ ಇರತ್ತೆ ಕಣಮ್ಮ," ಎಂದರು ಡಾಕ್ಟರು. "ಅಷ್ಟರೊಳಗೆ ನಿಮ್ಮ ಆಡು ಬೆದೆಗೆ ಬರಬೇಕು. ಹೋತದ ತಲೆನ ಒಂದು ಬಟ್ಟೇಲಿ ಉಜ್ಜಿ ಡಬ್ಬಿಲಿ ಮುಚ್ಚಿಡು. ದಿನಾ ಆಡಿನ ಮೂಗಿಗೆ ಹಿಡಿ, ಆ ವಾಸನೆಗೆ ಬೇಗ ಬೆದೆಗೆ ಬರತ್ತೆ. ಬಾಲ ಅಲ್ಲಾಡಿಸಿದ್ರೆ ತಕ್ಷಣ ಕರ್ಕೊಂಡು ಬಾ."

ಮನೆಯ ಅತಿ ಹಳೆಯ ಟವೆಲ್ಲನ್ನೇ ಆರಿಸಿ ಉಜ್ಜಿದೆ. ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿಟ್ಟು, ಮೇಲೆ ದುಂಡಗೆ 'ಯಾರೂ ತೆಗೆಯಬಾರದು' ಎಂದು ಬರೆದೆ. ಬುಧವಾರ ಹಿಡಿದೆ; ಆಡು ಮುಖ ತಿರುಗಿಸಿತು. ಗುರುವಾರ ಸೀನಿತು. ಶುಕ್ರವಾರ ಟವೆಲ್ಲಿನ ಅಂಚನ್ನು ತಿನ್ನಲು ನೋಡಿತು.

ಶನಿವಾರ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ಬಂದವರು, ಆ ಬರಹ ಓದಿದ್ದರಿಂದಲೇ ಡಬ್ಬಿ ತೆರೆದರು.

"ನಾಲ್ಕು ದಿನದಿಂದ ಹುಡುಕ್ತಿದ್ದೀನಿ, ನನ್ನ ಟವೆಲ್ಲನ್ನ ಬಿಸ್ಕತ್ ಡಬ್ಬಿಲಿ ಯಾರಿಟ್ರು?" ಎನ್ನುತ್ತಲೇ ತಲೆ, ಮುಖ, ಕತ್ತು ಎಲ್ಲ ಒರೆಸಿಕೊಂಡರು. (ನೆಗಡಿಯಿಂದ ಮೂಗು ಕಟ್ಟಿತ್ತು, ಪಾಪ.)

"ಏನ್ರೀ ಇದು ವಾಸನೆ!" ಒಲೆಯ ಮುಂದಿದ್ದ ಅಮ್ಮ ಚೀರಿದಳು.

"ಈಗ ತಾನೇ ಸ್ನಾನ ಮಾಡಿದ್ದೀನಿ ಕಣೇ!"

"ಯಾವುದರಲ್ಲಿ? ಮೊದಲು ಹೊರಗೆ ನಡೀರಿ!"

ಅಪ್ಪ ಹಿತ್ತಿಲಿಗೆ ಕಾಲಿಟ್ಟರು. ಆಡು ತಲೆಯೆತ್ತಿತು. ಬಾಲ ಫಟಫಟನೆ ಅಲ್ಲಾಡಿತು. ಗೂಟ ಕಿತ್ತುಕೊಂಡು ಅಪ್ಪನ ಹಿಂದೆ ಬಿತ್ತು.

"ಏಯ್, ಇದಕ್ಕೇನಾಯ್ತೇ? ಹಿಡ್ಕೊಳ್ಳೇ!"

"ಅಪ್ಪಾ, ನಿಲ್ಬೇಡಿ! ಹಾಗೇ ಆಸ್ಪತ್ರೆ ಕಡೆ ನಡೀರಿ!" ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

ಮುಂದೆ ಅಪ್ಪ, ಹಿಂದೆ ಪ್ರೇಮಪರವಶಳಾದ ಆಡು, ಅದರ ಹಿಂದೆ ತಲೆ ತಗ್ಗಿಸಿಕೊಂಡು ನಾನು. ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ವ್ಯಾನು ಹತ್ತುತ್ತಿದ್ದ ಹೋತವನ್ನು ಡಾಕ್ಟರು ಕೆಳಗಿಳಿಸಿದರು.

ಐದು ತಿಂಗಳಿಗೆ ಹೆಣ್ಣುಮರಿ ಹುಟ್ಟಿತು. ಜೋಲು ಕಿವಿ, ಉದ್ದ ಕಾಲು, ಥೇಟ್ ಅಪ್ಪನದೇ ಹಣೆ. (ಹೋತದ್ದು ಎಂದು ಓದಿಕೊಳ್ಳಬೇಕು.) ಹದಿನೈದು ದಿನ ಕಳೆದ ಮೇಲೆ ದೊಡ್ಡ ಪಾತ್ರೆ ತೊಳೆದುಕೊಂಡು ಹಾಲು ಕರೆಯಲು ಕೂತೆ. ಬಂದದ್ದು ಅದೇ ಅರ್ಧ ಲೋಟ.

"ಎಲ್ಲೇ ನಿನ್ನ ಎರಡರಷ್ಟು?" ಎಂದಳು ಅಮ್ಮ.

ಮರಿ ನೋಡಲು ಬಂದಿದ್ದ ಡಾಕ್ಟರು ನಕ್ಕುಬಿಟ್ಟರು. "ಹಾಲು ಹೆಚ್ಚಾಗೋದು ತಾಯಿಗಲ್ಲಮ್ಮ, ಈ ಮಗಳಿಗೆ. ಇವಳು ಬೆಳೆದು ಮರಿ ಹಾಕ್ಲಿ. ಹೆಚ್ಚು ಅಂದ್ರೆ ಎರಡು ವರ್ಷ."

ಎಲ್ಲವನ್ನೂ ವಿಚಾರಿಸಿದ್ದ ನಾನು ಇದೊಂದನ್ನು ಕೇಳಿರಲಿಲ್ಲ. ಅಮ್ಮ ಮರಿಯ ಕಿವಿ ಸವರಿದಳು. ಕಾಲಿನ ಉದ್ದ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಪಾತ್ರೆ ಕಿತ್ತುಕೊಂಡು, ಹಾಲನ್ನು ಬಟ್ಟಲಿಗೆ ಸುರಿದು ಮರಿಯ ಮುಂದಿಟ್ಟಳು.

"ಕುಡಿಯೇ ನನ್ನ ಬಂಗಾರ, ಬೇಗ ದೊಡ್ಡವಳಾಗು. ಈ ನಿಮ್ಮಕ್ಕ ಇವತ್ತಿಂದ ಎರಡು ವರ್ಷ ಹಾಲು ಕುಡಿಯೋದು ಬಿಟ್ಟಿದ್ದಾಳೆ."