ನಮ್ಮ ಭಾವನ ಉಚ್ಚಾಟನೆ

ನಮ್ಮ ಭಾವನ ಪಕ್ಷದಲ್ಲಿ ಸದ್ಯಕ್ಕೆ ಇರುವುದು ಒಬ್ಬರೇ ಸದಸ್ಯರು. ಅವರೇ! ಹೊರಗಿನ ಲೆಕ್ಕಕ್ಕೆ ಅದು ದೇಶದ ದೊಡ್ಡ ಪಕ್ಷಗಳಲ್ಲೊಂದು; ಬಾವುಟ, ಕಚೇರಿ, ಕಾರುಗಳ ಸಾಲು ಎಲ್ಲವೂ ಇವೆ. ಆದರೆ ಅದರ ನಂಬಿಕೆಗಳನ್ನು ಇನ್ನೂ ನಂಬಿಕೊಂಡಿರುವವರು ತಾವೊಬ್ಬರೇ ಎಂಬುದು ಭಾವನ ವಾದ. "ಆ ಒಬ್ಬರಲ್ಲೂ ಎರಡು ಬಣ ಇವೆ ಕಣ್ರೀ. ಒಂದು ಸಕ್ಕರೆ ಬಿಟ್ಟಿದೀನಿ ಅನ್ನುತ್ತೆ, ಇನ್ನೊಂದು ಡಬ್ಬಿ ಎಲ್ಲಿಟ್ಟೆ ಅಂತ ಕೇಳುತ್ತೆ" ಎನ್ನುತ್ತಾರೆ ಅವರ ಹೆಂಡತಿ.

ಆಕೆ ನನ್ನ ಹೆಂಡತಿಯ ಅಕ್ಕ. ಹಾಗಾಗಿ ಭಾವ ನನಗೆ ಷಡ್ಡಕರು. ಅವರದು ತ್ಯಾಗರಾಜನಗರ, ನಮ್ಮದು ಪಕ್ಕದ ಜಯನಗರ; ವಾರ್ಡು ಒಂದೇ. ನಾನು ಡ್ರಿಲ್ ಮೇಷ್ಟ್ರಾಗಿದ್ದವನು. ಐದಕ್ಕೆ ಏಳುವುದು, ಎಂಟಕ್ಕೆ ತಿಂಡಿ, ಇದರಲ್ಲಿ ಬದಲಾವಣೆಯಿಲ್ಲ. ಭಾವನ ಪಕ್ಷಕ್ಕೆ ನಾನು ಒಮ್ಮೆಯೂ ಓಟು ಹಾಕಿದವನಲ್ಲ, ಹಾಕುವವನೂ ಅಲ್ಲ. ಬೆಳಗಿನ ವಾಕಿಂಗಿನಲ್ಲಿ ನಾವಿಬ್ಬರೂ ದಿನಾ ಜಗಳವಾಡುತ್ತೇವೆ. ಕೈಕಾಲಿಗೆ ವ್ಯಾಯಾಮವಾದಮೇಲೆ ಗಂಟಲಿಗೂ ಬೇಡವೇ?

ವ್ಯಕ್ತಿಗಿಂತ ಪಕ್ಷ ದೊಡ್ಡದು, ಅಪ್ಪನ ಕುರ್ಚಿ ಮಗನಿಗೆ ಸಲ್ಲದು, ಹಾರ ತುರಾಯಿ ಬೇಡ, ಪರದೇಶದ ವಸ್ತು ಬೇಡ: ಇವೆಲ್ಲ ಪಕ್ಷದವರೇ ಭಾವನಿಗೆ ಎಳೆವಯಸ್ಸಿನಲ್ಲಿ ಕಲಿಸಿದ್ದು. ಕಲಿಸಿದವರು ಮರೆತರು, ಇವರಿಗೆ ಬಾಯಿಪಾಠವಾಗಿಬಿಟ್ಟಿತು. ಒಮ್ಮೆ ನಾಯಕರೊಬ್ಬರು ಪರದೇಶದ ಕಾರಿನಲ್ಲಿ ಬಂದಿಳಿದಾಗ ಭಾವ ಕಾರಿಗೆ ಒಂದು ಸುತ್ತು ಬಂದು, "ನಮ್ಮ ಹಲ್ಲುಪುಡಿ ಮಾತ್ರ ಸ್ವದೇಶಿ ಆಗಬೇಕಾ ಸಾರ್?" ಎಂದು ಕೇಳಿದರು. ಆ ನಾಯಕರು ಹಲ್ಲು ತೋರಿಸಿ ನಕ್ಕು ಒಳಗೆ ಹೋದರು.

ವಾರ್ಡಿನಲ್ಲಿ ಪಕ್ಷ ಎರಡು ಬಣವಾಗಿತ್ತು. ಮೂಲದವರು ಮತ್ತು ಬೇರೆ ಪಕ್ಷದಿಂದ ವಲಸೆ ಬಂದವರು. ಭಾವ ಮೂಲದವರ ಕಡೆ ಇರಬೇಕಲ್ಲವೇ? ಇದ್ದರು, ಮೂಲದವರ ಮುಖಂಡರು ಮಗನಿಗೆ ಟಿಕೆಟ್ ಕೇಳುವ ತನಕ. ಸಭೆಯಲ್ಲೇ ಎದ್ದು ನಿಂತು, "ನಿಮ್ಮ ಮಗ ಪಕ್ಷದ ಸಭೆಗೆ ಎಷ್ಟು ದಿನ ಚಾಪೆ ಹಾಸಿದಾನೆ, ಹೇಳಿ" ಎಂದು ಕೇಳಿದರು. ಅಲ್ಲಿಗೆ ಆ ಬಣವೂ ಮುಗಿಯಿತು.

ಕೊನೆಗೆ ಟಿಕೆಟ್ ಸಿಕ್ಕಿದ್ದು ವಲಸೆ ಬಂದವರೊಬ್ಬರಿಗೆ. ಮನೆಮನೆ ಪ್ರಚಾರಕ್ಕೆ ಹಳಬರೊಬ್ಬರು ಜೊತೆಗಿರಲಿ ಎಂದು ಭಾವನನ್ನೇ ಕರೆದುಕೊಂಡು ಹೋದರು. ಎಂಥ ಧೈರ್ಯ ನೋಡಿ! ನಮ್ಮ ಗೇಟಿನ ಮುಂದೆ ಅಭ್ಯರ್ಥಿ ಕೈಮುಗಿದು ನಿಂತರು. ಪಕ್ಕದಲ್ಲಿ ಭಾವ ಪಕ್ಕದ ಮನೆಯಾಕೆಗೆ ಪರಿಚಯ ಮಾಡಿಕೊಡುತ್ತಿದ್ದರು.

"ಇವರು ಹೊಸಬರು ಮೇಡಂ. ನಮ್ಮ ನಂಬಿಕೆ ಇವರಿಗಿನ್ನೂ ಬಂದಿಲ್ಲ, ಬರುತ್ತೆ. ನೀವು ಚಿಹ್ನೆ ನೋಡಿ ಹಾಕಿ, ಮುಖ ನೋಡ್ಬೇಡಿ."

"ಹಂಗಾದ್ರೆ ನೀವೇ ನಿಲ್ಬೋದಿತ್ತಲ್ಲ ಅಂಕಲ್?"

"ಕೇಳಿದವರಿಗೆ ಕೊಡಬಾರದು ಅನ್ನೋದು ನಮ್ಮ ಪಾಲಿಸಿ. ಅದಕ್ಕೆ ನಾನು ಕೇಳ್ಲಿಲ್ಲ. ಅವರೂ ಕೊಡ್ಲಿಲ್ಲ."

ಅಭ್ಯರ್ಥಿಯ ಕೈ ಮುಗಿದಂತೆಯೇ ಇತ್ತು. ಯಾರಿಗೆ ಮುಗಿದದ್ದು ಎಂಬುದು ಮಾತ್ರ ಆಮೇಲೆ ಸ್ಪಷ್ಟವಾಗಿರಲಿಲ್ಲ.

ಮರುದಿನವೇ ವಾರ್ಡಿನ ಅಧ್ಯಕ್ಷ ಭಾವನ ಮನೆಗೆ ಬಂದ. ಅವನನ್ನು ಕಾಲೇಜಿನ ದಿನಗಳಲ್ಲಿ ಪಕ್ಷಕ್ಕೆ ಸೇರಿಸಿದ್ದು ಭಾವನೇ. ನಾನೂ ಅಲ್ಲಿದ್ದೆ.

"ತಪ್ಪಾಯ್ತು ಅಂತ ಒಂದು ಮಾತು ಅನ್ಬಿಡಿ ಅಂಕಲ್, ಮುಗಿಸೋಣ. ಇಲ್ಲಾಂದ್ರೆ ತೆಗೀತಾರೆ."

"ಪಕ್ಷ ಕಲಿಸಿದ್ದನ್ನೇ ಹೇಳಿದೀನಪ್ಪ."

"ಅದು ಆಗಿನ ಮಾತು."

"ಹಂಗಾದ್ರೆ ಈಗಿನದು ಹೇಳು, ಕಲಿತೀನಿ."

ಅವನು ಚಾವಣಿ ನೋಡಿದ. ಕಾಫಿ ಕುಡಿಯದೆ ಹೋದ. ಭಾವ ಅವನ ಲೋಟವನ್ನೂ ಮುಗಿಸಿದರು, ಸಕ್ಕರೆ ಸಮೇತ.

ವಾರದೊಳಗೆ ಆರು ವರ್ಷ ಉಚ್ಚಾಟನೆಯಾಯಿತು. ನಾನು ತಿಳಿದಂತೆ ಎರಡೂ ಬಣ ಒಮ್ಮತದಿಂದ ತೆಗೆದುಕೊಂಡ ಏಕೈಕ ತೀರ್ಮಾನವದು. ಎಪ್ಪತ್ತೊಂಬತ್ತರ ಭಾವ ಅದನ್ನು ವಾಕಿಂಗಿನಲ್ಲಿ ಎಲ್ಲರಿಗೂ ಸಾರಿದರು. "ಡಾಕ್ಟ್ರು ಮುಂದಿನ ತಿಂಗಳು ನೋಡೋಣ ಅಂತಾರೆ. ಪಕ್ಷ ಆರು ವರ್ಷ ಕೊಟ್ಟಿದೆ ಕಣ್ರೀ." ಆಮೇಲೆ ಸೇರಿಸಿದರು: "ಅವರು ತೆಗೆದಿದಾರೆ. ನಾನು ಬಿಟ್ಟಿಲ್ಲ."

ಮತದಾನದ ದಿನ ಏಳಕ್ಕೆ ಸರಿಯಾಗಿ ಓಟು ಹಾಕಿ ಹೊರಗೆ ಬಂದೆ. ಮತಗಟ್ಟೆಯಿಂದ ದೂರ, ರಸ್ತೆಯ ತಿರುವಿನಲ್ಲಿ, ಆ ಒಂದೇ ಪಕ್ಷದ ಎರಡು ಮೇಜು ಹಾಕಿದ್ದರು. ಮೂಲದವರದೊಂದು ಹೊಂಗೆಮರದಡಿ, ವಲಸೆಯವರದೊಂದು ಇನ್ನೊಂದು ಮರದಡಿ. ನಡುವೆ, ಮನೆಯಿಂದ ತಂದ ಮಡಚುವ ಕುರ್ಚಿ ಹಾಕಿಕೊಂಡು ನಮ್ಮ ಭಾವ. ಪ್ರತಿ ಚುನಾವಣೆಯಲ್ಲೂ ಅವರು ಕೂರುತ್ತಿದ್ದ ತಿರುವು ಅದು. ಆ ಮೇಜಿನವರು ಆ ಕಡೆ ನೋಡುತ್ತಿದ್ದರು, ಈ ಮೇಜಿನವರು ಈ ಕಡೆ. ವಾರ್ಡಿನ ಅಧ್ಯಕ್ಷ ಫೋನು ನೋಡುತ್ತಿದ್ದ. ಎರಡೂ ಕಡೆ ಇಡ್ಲಿ ಹಂಚಿದರು. ನಡುವಿನ ಕುರ್ಚಿಗೆ ಯಾರೂ ತರಲಿಲ್ಲ. ಭಾವ ಬೆನ್ನು ನೆಟ್ಟಗೆ ಮಾಡಿ, ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳುತ್ತಿದ್ದರು.

ನಾನು ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದೆ. ಎಂಟು ಹೊಡೆದಿತ್ತು, ಹೊಡೆಯಲಿ. ಅವರ ಪಕ್ಕ ಹಾಕಿದೆ.

"ಇದು ಪಕ್ಷದವರು ಕೂರೋ ಜಾಗ ರೀ. ನೀವು ಏಳಿ" ಎಂದರು ಭಾವ.

"ನೀವೂ ಈಗ ಪಕ್ಷದವರಲ್ಲವಲ್ಲ ಭಾವ."

ಯಾಕಾದರೂ ಅಂದೆನೋ. ಹೋಗಿಬರುವವರಿಗೆ ಹೇಳುತ್ತಿದ್ದ ನಮಸ್ಕಾರವನ್ನು ಭಾವ ನಿಲ್ಲಿಸಿದರು. ಮುಂದಕ್ಕೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮೊಣಕಾಲ ಮೇಲಿನ ಎರಡು ಕೈಗಳನ್ನು ನೋಡಿಕೊಂಡು ಕುಳಿತರು.

ಬಿಸಿಲು ಏರಿತು. ನಾನು ಏಳಲಿಲ್ಲ. ಎರಡೂ ಮೇಜುಗಳ ನಡುವೆ ನೆರಳು ಇದ್ದದ್ದು ಒಬ್ಬರಿಗಾಗುವಷ್ಟು. ಸ್ವಲ್ಪ ಹೊತ್ತಿಗೆ ಭಾವ ಎದ್ದರು, ತಮ್ಮ ಕುರ್ಚಿಯನ್ನು ಎತ್ತಿ ಬಿಸಿಲಿಗೆ ಹಾಕಿಕೊಂಡರು.

"ನೆರಳಿಗೆ ಸರೀರಿ" ಎಂದರು. "ಸಂಜೆ ತನಕ ಕೂರೋದಿದೆ."